ಅಸಿಟ್ರಾಂ ರೋಗಿಗೆ ಆಂಟಿಬಯಾಟಿಕ್: ನನ್ನ ಮೂರನೇ ದಿನದ ಲೆಕ್ಕ

ಅಸಿಟ್ರಾಂ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಕೆಲವು ಆಂಟಿಬಯಾಟಿಕ್ ಅದರ ಬಲ ಏರಿಸುತ್ತವೆ, ಅದಕ್ಕೇ ಶುರುಮಾಡಿದ ಮೂರನೇ ದಿನ ರಕ್ತ ಪರೀಕ್ಷೆ ಆಗಬೇಕು ಅಂದೆ. "ಹಳ್ಳಿಯವರು ಮೂರನೇ ದಿನಕ್ಕೇ ಮತ್ತೆ ರಕ್ತ ಕೊಡೋಕೆ ಬರ್ತಾರೇನ್ರಿ?" ಅಂತ ಶಿವಮೊಗ್ಗದ ಸೀನಿಯರ್‌ಗಳು ತಲೆ ಅಲ್ಲಾಡಿಸಿದ್ದರು. ಬರುತ್ತಾರೆ. ತೀರ್ಥಹಳ್ಳಿ ಕಡೆಯ ನನ್ನ ಕ್ಲಿನಿಕ್‌ಗೆ ಹೃದಯಕ್ಕೆ ಕೃತಕ ವಾಲ್ವ್ ಹಾಕಿಸಿಕೊಂಡವರು ನಲವತ್ತರಷ್ಟು ಜನ ಬರುತ್ತಾರೆ. ಎರಡು ಮಳೆಗಾಲ ಕಳೆಯಿತು, ಆಂಟಿಬಯಾಟಿಕ್‌ನಿಂದ ರಕ್ತಸ್ರಾವ ಆಗಿ ಒಬ್ಬರೂ ಅಡ್ಮಿಟ್ ಆಗಿಲ್ಲ.

ಮೊದಲು ಹೀಗಿರಲಿಲ್ಲ. ಮೈಟ್ರಲ್ ವಾಲ್ವ್‌ನ ಒಬ್ಬ ಅಮ್ಮ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಹಿಡಿಯುವ ಹೊತ್ತಿನ ಅಳತೆ, ಏರಿದರೆ ರಕ್ತಸ್ರಾವದ ಭಯ, ಇಳಿದರೆ ವಾಲ್ವ್‌ನಲ್ಲಿ ಹೆಪ್ಪಿನ ಭಯ) 2.8ರಲ್ಲಿ ಆರಾಮಾಗಿದ್ದವರು, ಭೇದಿಗೆ ಬೇರೆಲ್ಲೋ ಮೆಟ್ರೊನಿಡಜೋಲ್ ಬರೆಸಿಕೊಂಡಿದ್ದರು. ಆರನೇ ದಿನ ಬಂದಾಗ ತೋಳಿನಲ್ಲಿ ಅಂಗೈ ಅಗಲ ನೀಲಿ, ಐಎನ್‌ಆರ್ 9ರ ಹತ್ತಿರ. ವಸಡಿನಿಂದ ರಕ್ತ ಬರುತ್ತಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಎಲೆಅಡಿಕೆ ಹಾಕುವ ಬಾಯಿ, ಉಗುಳಿದ್ದೆಲ್ಲ ಕೆಂಪೇ ಅಲ್ವಾ! ನಾನು ಗಾಬರಿಯಲ್ಲಿ ಅಸಿಟ್ರಾಂನ ಬಲ ಇಳಿಸುವ ವಿಟಮಿನ್ ಕೆ 10 ಮಿಗ್ರಾಂ ಇಂಜೆಕ್ಷನ್ ಕೊಟ್ಟುಬಿಟ್ಟೆ. ಮರುದಿನ 1.1. ಅಸಿಟ್ರಾಂ ಮತ್ತೆ ಹಿಡಿಯುವ ತನಕ ಹತ್ತು ದಿನ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್, ಆ ಮನೆಯವರಿಗೆ ಹತ್ತು ಹನ್ನೆರಡು ಸಾವಿರ ಖರ್ಚು. ಈಗ ದೊಡ್ಡ ರಕ್ತಸ್ರಾವ ಇಲ್ಲದಿದ್ದರೆ ಅಸಿಟ್ರಾಂ ಒಂದೆರಡು ಡೋಸ್ ನಿಲ್ಲಿಸುತ್ತೇನೆ, ತೀರಾ ಬೇಕಾದರೆ ವಿಟಮಿನ್ ಕೆ 1-2 ಮಿಗ್ರಾಂ ಬಾಯಿಗೆ, ಅಷ್ಟೇ.

ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಸಾಕಾಗುವ ಕಡೆ ಅದನ್ನೇ ಕೊಡುತ್ತೇನೆ. ಮೆಟ್ರೊನಿಡಜೋಲ್, ಸೆಪ್ಟ್ರಾನ್, ಫ್ಲುಕೊನಜೋಲ್ ಬೇಕೇ ಬೇಕು ಅಂದರೆ ಮೊದಲ ದಿನವೇ ಅಸಿಟ್ರಾಂ ಕಾಲು ಭಾಗ, ಕೆಲವರಿಗೆ ಮೂರನೇ ಒಂದು ಭಾಗ ಇಳಿಸುತ್ತೇನೆ. ಉಳಿದದ್ದಕ್ಕೆ ಸುಮ್ನೆ ಡೋಸ್ ಮುಟ್ಟಲ್ಲ. ಆದರೆ ಯಾವ ಮಾತ್ರೆಯಾದರೂ ಮೂರನೇ ದಿನ, ಏಳನೇ ದಿನ, ಕೋರ್ಸ್ ಮುಗಿದ ಒಂದು ವಾರಕ್ಕೆ ಐಎನ್‌ಆರ್ ಆಗಲೇಬೇಕು. ಆ ಕೊನೆಯದನ್ನೇ ಜಾಸ್ತಿ ಜನ ಮರೆಯುತ್ತಾರೆ, ಇಳಿಸಿದ ಡೋಸ್ ಹಾಗೇ ಉಳಿದು ವಾಲ್ವ್‌ಗೆ ಕುತ್ತು ಬರುತ್ತದೆ. ಇಲಿಜ್ವರಕ್ಕೆ ಡಾಕ್ಸಿ ಕೊಟ್ಟಾಗಲೂ ಏರುವುದುಂಟು. ಜ್ವರ, ಊಟ ಬಿಟ್ಟಿದ್ದು, ದಿನಕ್ಕೆ ನಾಲ್ಕು ಡೋಲೊ, ಎಲ್ಲವೂ ಸೇರಿ ಏರಿಸುತ್ತವೆ. ಅಳೆಯದೆ ಬೇರೆ ದಾರಿಯಿಲ್ಲ.

ಮೊದಮೊದಲು ಸ್ಯಾಂಪಲ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸುತ್ತಿದ್ದೆ. ಐಸ್ ಮೇಲೆ ಇಟ್ಟು ಕಳಿಸಿದ್ದು ಒಂದು ತಪ್ಪು. ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯ ತನಕ ತುಂಬದೆ ಕಳಿಸಿ, ಸುಳ್ಳು ಏರಿಕೆ ನಂಬಿ ಒಬ್ಬರ ಡೋಸ್ ಇಳಿಸಿದ್ದು ಇನ್ನೊಂದು. ಕೊನೆಗೆ ಬೆರಳು ಚುಚ್ಚುವ ಮೀಟರ್ ತಂದೆ. 45 ಸಾವಿರದ ಆಸುಪಾಸು, ಸ್ಟ್ರಿಪ್ ಒಂದಕ್ಕೆ 400ರಷ್ಟು, ಅರ್ಧ ನನ್ನ ಕೈಯಿಂದ. ಬೆಳಿಗ್ಗೆ ಬಂದ ಬಸ್ಸಿನಲ್ಲೇ ವಾಪಸ್ ಹೋಗಬಹುದು, ಕೂಲಿ ತಪ್ಪಲ್ಲ. ಅದಕ್ಕೇ ಬರುತ್ತಾರೆ. ಮೀಟರ್ 5ರ ಮೇಲೆ ತೋರಿಸಿದರೆ ಮಾತ್ರ ಲ್ಯಾಬ್. ಮೆಡಿಕಲ್ ಶಾಪ್‌ನವರು ಮಾತ್ರೆ ಕೊಡುವ ಮೊದಲು ನನಗೆ ಫೋನ್ ಮಾಡುವಂತೆ ಹೇಗೆ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲೆಅಡಿಕೆ ಹಾಕುವವರಿಗೆ ಒಂದು ಕೆಲಸ ಹೇಳಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ, ಎಲೆ ಹಾಕುವ ಮೊದಲು, ಬಾಯಿ ಮುಕ್ಕಳಿಸಿ ಬಿಳಿ ಬೇಸಿನ್‌ಗೆ ಉಗುಳಿ ನೋಡಬೇಕು. ಇಬ್ಬರು ಹಾಗೆ ವಸಡಿನ ರಕ್ತ ಕಂಡುಹಿಡಿದೇ ಬಂದರು.

ಆಷಾಢದಲ್ಲಿ ಪತ್ರೊಡೆ ಶುರುವಾದರೆ ಕೆಲವರ ಐಎನ್‌ಆರ್ ಇಳಿಯುತ್ತದೆ, ಒಬ್ಬರದ್ದು 2.7 ಇದ್ದದ್ದು 1.8. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದಲ್ಲ. ಕೆಸುವಿನ ಸೊಪ್ಪು ಬಿಡಿ ಅನ್ನಲಿಲ್ಲ, ಯಾವ ಸೊಪ್ಪಾದರೂ ವಾರ ವಾರ ಒಂದೇ ಅಳತೆಯಲ್ಲಿ ತಿನ್ನಿ ಅಂದೆ. ಪರವಾಗಿಲ್ಲ, ನಿಂತಿದೆ.

ಈಗ ಒಬ್ಬರು ಟಿಬಿಗೆ ರಿಫಾಂಪಿಸಿನ್ ಮೇಲಿದ್ದಾರೆ. ಅದು ಅಸಿಟ್ರಾಂನ ಬಲ ಕುಗ್ಗಿಸುತ್ತದೆ, ಹಾಗಾಗಿ ಅಸಿಟ್ರಾಂ 2 ಮಿಗ್ರಾಂ ಇದ್ದದ್ದು 5ಕ್ಕೆ ಏರಿಸಿ ಆಗಿದೆ. ರಿಫಾಂಪಿಸಿನ್ ನಿಂತ ಮೇಲೆ ಐಎನ್‌ಆರ್ ವಾರಗಟ್ಟಲೆ ನಿಧಾನಕ್ಕೆ ಏರುತ್ತದೆ. ಅವರ ಮನೆ ಗೋಡೆಯ ಕ್ಯಾಲೆಂಡರ್ ತರಿಸಿ, ಟಿಬಿ ಮಾತ್ರೆ ಮುಗಿಯುವ ದಿನದಿಂದ ಐಎನ್‌ಆರ್ ನೋಡಲು ಆರು ಸೋಮವಾರಗಳಿಗೆ ಕೆಂಪು ಸುತ್ತು ಹಾಕಿ ಕೊಟ್ಟಿದ್ದೇನೆ.