ಕೊಡಗಿನ ಹಕ್ಕಿ ನೋಟಕ್ಕೆ ಹೊರಡುವ ಮುನ್ನ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ತೋಟದ ಹಾಲುವಾಣ ಎಲೆ ಉದುರಿಸಿ ಹೂ ಬಿಡುತ್ತದೆ. ಮಕರಂದಕ್ಕೆ ಬರುವ ಮೈನಾ, ಸೂರಕ್ಕಿಗಳು ಮರೆಯಿಲ್ಲದೆ ಕಾಣುವ ಕಾಲ ಇದೇ.

8×42 (ಎಂಟು ಪಟ್ಟು ಹಿಗ್ಗಿಸಿ ತೋರುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. 12 ಪಟ್ಟಿನದು ಕೈಯಲ್ಲಿ ಅಲುಗುತ್ತದೆ, ನೋಟದ ಹರವೂ ಕಿರಿದು. ಹಿಂದಿನ ದಿನವೇ ಹೊಂದಿಸಿಕೊಳ್ಳಿ: ಬಲಗಣ್ಣು ಮುಚ್ಚಿ, ದೂರದ ಕೊಂಬೆಯೊಂದನ್ನು ನಡುಚಕ್ರದಿಂದ ಸ್ಪಷ್ಟಗೊಳಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಉಂಗುರ ತಿರುಗಿಸಿ ಅದೇ ಕೊಂಬೆಯನ್ನು ಸ್ಪಷ್ಟಗೊಳಿಸಿ. ಇದನ್ನು ಬಿಟ್ಟರೆ ಅರ್ಧ ಗಂಟೆಯಲ್ಲೇ ತಲೆನೋವು. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕಿಳಿಸಬೇಕು.

ಮಾಸಲು ಹಸಿರು ಅಥವಾ ಕಂದು ಬಟ್ಟೆ, ತುಂಬುತೋಳು. ಒಣಹವೆಯಲ್ಲಿ ಜಿಗಣೆ ಕಡಿಮೆ, ರಕ್ತ ಹೀರುವ ಉಣ್ಣೆಹುಳು ಹೆಚ್ಚು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮರಳಿದ ಮೇಲೆ ಮೈ ಪರೀಕ್ಷಿಸಿ. ಒಂದು ಲೀಟರ್ ನೀರು ಬೇಕು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಲೇಬೇಡಿ. ಗೂಡಿನ ಕಾಲ, ಎದುರಾಳಿ ಬಂದಿತೆಂದು ಹಕ್ಕಿ ಗೂಡು ಬಿಟ್ಟು ಬರುತ್ತದೆ.