ಅಡಿಕೆ ಧಾರಣೆ ಇಟ್ಟುಕೊಂಡೇ ಎಕನಾಮೆಟ್ರಿಕ್ಸ್ ಕಲಿತೆ

ಎಕನಾಮೆಟ್ರಿಕ್ಸ್ ಅಂದರೆ ಅರ್ಥಶಾಸ್ತ್ರದ ಮಾತನ್ನು ಡೇಟಾ ಇಟ್ಟು ಪರೀಕ್ಷಿಸುವ ಲೆಕ್ಕ. 'ಸ್ಟಾಟಾ ಇಲ್ಲದೆ ಡಿಸರ್ಟೇಶನ್ ಆಗಲ್ಲ' ಅಂತ ಸೀನಿಯರ್‌ಗಳು ಹೇಳಿದ್ದರು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಅದು. 'ಮೊದಲು ಥಿಯರಿ ಪೂರ್ತಿ ಮುಗಿಸು, ಡೇಟಾ ಆಮೇಲೆ ನೋಡೋಣ' ಅಂದರು ಮೇಷ್ಟ್ರು. ಎರಡೂ ಬೇಕಾಗಲಿಲ್ಲ. ಗ್ರೆಟ್ಲ್ ಮತ್ತು ಆರ್ ಎಂಬ ಉಚಿತ ಸಾಫ್ಟ್‌ವೇರ್‌ಗಳು, ಜೊತೆಗೆ ಶಿವಮೊಗ್ಗ, ಸಾಗರ ಎಪಿಎಂಸಿಗಳ 'ರಾಶಿ' ಎಂಬ ಬಗೆಯ ಅಡಿಕೆಯ ಧಾರಣೆ. ಇಷ್ಟರಲ್ಲೇ ಎಂ.ಎ. ಕೆಲಸ ಮುಗಿಯಿತು, ನಮ್ಮ ಬ್ಯಾಚಿನಲ್ಲಿ ಒಳ್ಳೆಯ ಅಂಕವೂ ಬಂತು.

ಮೊದಲು ಹೋದ ದುಡ್ಡಿನ ಲೆಕ್ಕ. ಒಂದು ಕೋಚಿಂಗ್‌ಗೆ ಹದಿನೆಂಟು ಸಾವಿರದ ಆಸುಪಾಸು ಕಟ್ಟಿದ್ದೆ. ಅಲ್ಲಿ ಸ್ಲೈಡ್ ಓದಿಸಿದರು, ಮೆನುವಿನಲ್ಲಿ ಎಲ್ಲಿ ಕ್ಲಿಕ್ ಮಾಡಬೇಕು ಅಂತ ತೋರಿಸಿದರು. ಡೇಟಾ ಮೊದಲೇ ತೊಳೆದು ಇಟ್ಟಿದ್ದು. ಅಂಥ ಡೇಟಾದಲ್ಲಿ ಕಲಿಯೋಕೆ ಏನೂ ಇರಲ್ಲ. ಅದೇ ದುಡ್ಡಿಗಿಂತ ಕಡಿಮೆಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಕ್ಕಿತು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ, ಎರಡು ಸಾವಿರ ಚಿಲ್ಲರೆ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಅಡಿಕೆಯನ್ನೇ ಯಾಕೆ ಆರಿಸಿದೆ ಅಂದರೆ, ನಮ್ಮ ಮನೆಯಲ್ಲಿ ಧಾರಣೆ ದಿನಾ ಚರ್ಚೆಯಾಗುವ ವಿಷಯ. 2014ರಲ್ಲಿ ಬೆಲೆ ಏರಿದ್ದೂ, ಆಮೇಲೆ ಬಿದ್ದಿದ್ದೂ ನೆನಪಿತ್ತು. ಗ್ರಾಫ್‌ನಲ್ಲಿ ಒಂದು ಗುಡ್ಡ ಕಂಡರೆ ಅದು ನಿಜದ ಏರಿಕೆಯೋ, ಟೈಪ್ ಮಾಡಿದವರು ಸೊನ್ನೆ ಜಾಸ್ತಿ ಹಾಕಿದ್ದೋ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಪರಿಚಯವಿಲ್ಲದ ದೇಶದ ಜಿಡಿಪಿ ಡೇಟಾದಲ್ಲಿ ಆ ಕಣ್ಣು ಬರೋದಿಲ್ಲ.

ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಎಂಬ ಸರ್ಕಾರಿ ಜಾಲತಾಣಗಳಿಂದ ದಿನದ ಮಾದರಿ ಧಾರಣೆ (ಆ ದಿನ ಹೆಚ್ಚಿನ ವ್ಯಾಪಾರ ಆದ ಬೆಲೆ) ಇಳಿಸಿಕೊಂಡೆ. ದಿನದ ಡೇಟಾ ಕೈಕೊಟ್ಟಿತು. ಭಾನುವಾರ, ಹಬ್ಬ, ಮಾರುಕಟ್ಟೆ ರಜೆ. ಶಿವಮೊಗ್ಗದಲ್ಲಿ ವ್ಯಾಪಾರ ಆದ ದಿನ ಸಾಗರದಲ್ಲಿ ಇಲ್ಲ. ಲ್ಯಾಗ್, ಅಂದರೆ ಹಿಂದಿನ ದಿನದ ಬೆಲೆ, ಹಾಕಿದರೆ 'ನಿನ್ನೆ' ಅನ್ನೋದಕ್ಕೇ ಅರ್ಥವಿಲ್ಲ. ಹಳೆಯ ಬೆಲೆಯನ್ನೇ ಮುಂದಕ್ಕೆ ಎಳೆದು ತುಂಬಿಸಿದರೆ ಎರಡೂ ಮಾರುಕಟ್ಟೆ ಸುಮ್ನೆ ನಿಂತ ಹಾಗೆ ಕಾಣುತ್ತವೆ. ಒಂದು ಸೆಮಿಸ್ಟರಿನ ಅರ್ಧ ಇದರಲ್ಲೇ ಹೋಯಿತು. ಕೊನೆಗೆ ವಾರದ ಮೀಡಿಯನ್‌ಗೆ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆಗೆ) ಬಂದೆ, ಅದರ ಲಾಗರಿದಮ್ ತೆಗೆದುಕೊಂಡೆ. 2020ರ ಲಾಕ್‌ಡೌನ್‌ನಲ್ಲಿ ಮಾರುಕಟ್ಟೆ ಮುಚ್ಚಿದ್ದ ವಾರಗಳನ್ನು ಖಾಲಿಯಾಗಿಯೇ ಬಿಟ್ಟೆ. ರಾಶಿಯ ಕಾಲಂನಲ್ಲಿ ಬೆಟ್ಟೆ ಅಥವಾ ಗೊರಬಲು ಎಂಬ ಬೇರೆ ಬಗೆಯ ಅಡಿಕೆಯ ಬೆಲೆ ನುಗ್ಗಿದ ದಿನಗಳನ್ನು ಹಿಡಿಯೋಕೆ ನನ್ನದೇ ಒಂದು ದಾರಿ ಇದೆ. ಅದನ್ನು ಪೇಪರ್ ಬರೆಯುವ ತನಕ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಗ್ರೆಟ್ಲ್ ಮುಟ್ಟುವ ಮೊದಲು ಎಕ್ಸೆಲ್‌ನಲ್ಲಿ ಹತ್ತು ವಾರದ ಡೇಟಾಗೆ ಓಎಲ್‌ಎಸ್ (ಡೇಟಾಗೆ ಅತಿ ಹತ್ತಿರ ಹೋಗುವ ಗೆರೆ ಹುಡುಕುವ ಲೆಕ್ಕ) ಅನ್ನು ಕಾಲಂ ಕಾಲಂ ಆಗಿ ಮಾಡಿದೆ. ಸರಾಸರಿಯಿಂದ ವ್ಯತ್ಯಾಸ, ಅದರ ವರ್ಗ, ಗುಣಲಬ್ಧ, ರೆಸಿಡ್ಯುಯಲ್ (ಗೆರೆಗೂ ನಿಜದ ಬೆಲೆಗೂ ಇರುವ ವ್ಯತ್ಯಾಸ), ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಅನ್ನೋ ಅಳತೆ). ಪಕ್ಕದ ಕಾಲಂನಲ್ಲೇ ಡರ್ಬಿನ್-ವಾಟ್ಸನ್, ಅಂದರೆ ಒಂದರ ಹಿಂದೆ ಒಂದು ಬರುವ ರೆಸಿಡ್ಯುಯಲ್‌ಗಳಿಗೆ ನಂಟಿದೆಯಾ ಅಂತ ನೋಡುವ ಅಳತೆ: ಪ್ರತಿ ರೆಸಿಡ್ಯುಯಲ್‌ನಿಂದ ಅದರ ಹಿಂದಿನದನ್ನು ಕಳೆದು, ವರ್ಗ ಮಾಡಿ, ಕೂಡಿಸಿ, ಒಟ್ಟು ವರ್ಗಗಳ ಮೊತ್ತದಿಂದ ಭಾಗಿಸೋದು. 'ಇದೆಲ್ಲ ಟೈಂ ವೇಸ್ಟ್ ಅಲ್ವಾ' ಅಂದ ಗೆಳೆಯರೇ ಮುಂದೆ ಔಟ್‌ಪುಟ್ ಓದಿಸಿಕೊಳ್ಳೋಕೆ ನನ್ನ ರೂಮಿಗೆ ಬರುತ್ತಿದ್ದರು.

ಅದರ ಲಾಭ ಬೇಗ ಸಿಕ್ಕಿತು. ಬೇಕೆಂದೇ ಅಡಿಕೆಯ ತಿಂಗಳ ಬೆಲೆಯನ್ನು ಸೆನ್ಸೆಕ್ಸ್ ಮೇಲೆ ರಿಗ್ರೆಸ್ ಮಾಡಿದೆ, ಅಂದರೆ ಸೆನ್ಸೆಕ್ಸ್‌ನಿಂದ ಅಡಿಕೆ ಬೆಲೆಯನ್ನು ವಿವರಿಸುವ ಗೆರೆ ಎಳೆದೆ. ಆರ್-ಸ್ಕ್ವೇರ್ (ಏರಿಳಿತದಲ್ಲಿ ಗೆರೆ ವಿವರಿಸುವ ಪಾಲು) 0.6ರ ಹತ್ತಿರ, ಟಿ (ಗುಣಾಂಕ ಅದರ ಸ್ಟ್ಯಾಂಡರ್ಡ್ ಎರರ್‌ನ ಎಷ್ಟು ಪಟ್ಟು ಅನ್ನೋದು) ಹತ್ತನ್ನು ದಾಟಿತ್ತು. ನೋಡಿದವರು ಖುಷಿಪಟ್ಟರು. ಡರ್ಬಿನ್-ವಾಟ್ಸನ್ ಮಾತ್ರ 0.1. ಆರ್-ಸ್ಕ್ವೇರ್ ಇದಕ್ಕಿಂತ ದೊಡ್ಡದಾಗಿದ್ದರೆ ಅನುಮಾನಪಡಿ ಅಂತ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಹೇಳಿದ್ದಾರೆ. ಫಸ್ಟ್ ಡಿಫರೆನ್ಸ್, ಅಂದರೆ ತಿಂಗಳಿಂದ ತಿಂಗಳಿಗೆ ಆದ ಬದಲಾವಣೆ, ತೆಗೆದ ಕೂಡಲೇ ಸಂಬಂಧವೆಲ್ಲ ಮಾಯ.

ಶಿವಮೊಗ್ಗ-ಸಾಗರ ಜೋಡಿಯ ಕಥೆ ಬೇರೆ. ಎರಡೂ ಸರಣಿಗಳಲ್ಲಿ ಯೂನಿಟ್ ರೂಟ್ ಇತ್ತು, ಅಂದರೆ ಬೆಲೆ ಒಂದು ಮಟ್ಟಕ್ಕೆ ವಾಪಸ್ ಬರದೆ ಅಲೆಯುತ್ತಿತ್ತು. ಆದರೆ ಒಂದನ್ನು ಇನ್ನೊಂದರ ಮೇಲೆ ಹಾಕಿ ಬಂದ ರೆಸಿಡ್ಯುಯಲ್ ಮೇಲಿನ ಎಡಿಎಫ್ (ಯೂನಿಟ್ ರೂಟ್ ಇದೆಯಾ ಅಂತ ನೋಡುವ ಪರೀಕ್ಷೆ) ಮೈನಸ್ ನಾಲ್ಕೂವರೆ ಹತ್ತಿರ ಬಂತು. ಅಂದರೆ ಎರಡೂ ಬೆಲೆ ಜೊತೆಯಾಗಿಯೇ ಅಲೆಯುತ್ತವೆ. ಎರರ್ ಕರೆಕ್ಷನ್ ಮಾದರಿಯಲ್ಲಿ (ಅಂತರ ಎಷ್ಟು ಬೇಗ ಮುಚ್ಚುತ್ತದೆ ಅಂತ ಅಳೆಯುವ ಲೆಕ್ಕ) ಸಾಗರದ ಗುಣಾಂಕ ಸುಮಾರು ಮೈನಸ್ 0.2. ಅಂದರೆ ಧಾರಣೆಯ ಅಂತರದಲ್ಲಿ ಐದರಲ್ಲೊಂದು ಪಾಲು ವಾರಕ್ಕೆ ಕರಗುತ್ತದೆ, ಮೂರು ವಾರದಲ್ಲಿ ಅರ್ಧ. ಶಿವಮೊಗ್ಗದ ಗುಣಾಂಕ ಸೊನ್ನೆಯ ಹತ್ತಿರವೇ ಇತ್ತು. ನನ್ನ ಡೇಟಾದ ಅವಧಿಯಲ್ಲಿ ಅಂತರ ಬಿದ್ದಾಗ ಸರಿಹೊಂದಿಕೊಂಡದ್ದು ಸಾಗರ. ಇದನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದರೆ, 'ಅದಕ್ಕೆ ಕಂಪ್ಯೂಟರ್ ಬೇಕಿತ್ತಾ?' ಅಂದರು. ಎಷ್ಟು ವಾರ ಅಂತ ಅವರಿಗೂ ಗೊತ್ತಿರಲಿಲ್ಲ.

ನಡುವೆ ನಿಫ್ಟಿ ಮೇಲೆ ಗಾರ್ಚ್ (ಏರಿಳಿತದ ಜೋರು ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಅಂತ ಅಳೆಯುವ ಮಾದರಿ) ಕೂಡ ಓಡಿಸಿದೆ, ಫೈನಾನ್ಸ್ ಗೆಳೆಯನ ಒತ್ತಾಯಕ್ಕೆ. 2020ರ ಮಾರ್ಚ್ 23ರಂದು ಒಂದೇ ದಿನ ಸುಮಾರು 13 ಪರ್ಸೆಂಟ್ ಬಿದ್ದ ಸೂಚ್ಯಂಕ ಅದು. ಆ ಮಾದರಿಯ ಎರಡು ಗುಣಾಂಕ ಆಲ್ಫಾ, ಬೀಟಾ ಕೂಡಿಸಿದರೆ ಒಂದರ ಹತ್ತಿರ ಹೋಗುತ್ತಿತ್ತು, ಅಂದರೆ ಏರಿಳಿತ ನಿಧಾನಕ್ಕೆ ತಣಿಯುತ್ತಿತ್ತು. ಅಡಿಕೆ ಮೇಲೆ ಅದೇ ಮಾದರಿ ಹಾಕಿದರೆ ಸರಿಯಾಗಿ ಕನ್ವರ್ಜ್ ಆಗಲೇ ಇಲ್ಲ, ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿ ಆಯಿತಲ್ಲ, ಅದಕ್ಕೊಂದು ಡಮ್ಮಿ (ಮೊದಲು ಸೊನ್ನೆ, ಆಮೇಲೆ ಒಂದು ಅಂತ ಇರುವ ಕಾಲಂ) ಹಾಕಿಯೂ ನೋಡಿದೆ. ಸಿಗ್ನಿಫಿಕೆಂಟ್ ಬರಲಿಲ್ಲ, ಅಂದರೆ ಪರಿಣಾಮ ಇದೆ ಅನ್ನೋಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಬರಲಿಲ್ಲ ಅಂತಲೇ ವರದಿಯಲ್ಲಿ ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ರೆಸಿಡ್ಯುಯಲ್ ಮೇಲಿನ ಎಡಿಎಫ್ ಪರೀಕ್ಷೆಗೆ ಎಂದಿನ ಗಡಿ ಮೈನಸ್ 2.86 ಬಿಟ್ಟು ಮೈನಸ್ 3.34 ಯಾಕೆ ತೆಗೆದುಕೊಂಡಿರಿ? ಆ ರೆಸಿಡ್ಯುಯಲ್ ನಾವೇ ಅಂದಾಜು ಮಾಡಿದ್ದು, ಓಎಲ್‌ಎಸ್ ಅದನ್ನು ಆದಷ್ಟು ಸಣ್ಣದಾಗಿಸಿ ಸ್ಟೇಷನರಿ (ಒಂದು ಮಟ್ಟಕ್ಕೆ ವಾಪಸ್ ಬರುವ ಸರಣಿ) ಥರ ಕಾಣಿಸುತ್ತದೆ, ಹಾಗಾಗಿ ಗಡಿ ಇನ್ನೂ ಕಠಿಣ ಇರಬೇಕು ಅಂದೆ. ಎಕ್ಸೆಲ್ ಹಾಳೆಯನ್ನೂ ತೆರೆದು ತೋರಿಸಿದೆ. ಸ್ಟಾಟಾ ಬಗ್ಗೆ ಯಾರೂ ಕೇಳಲಿಲ್ಲ.