ಎರೆಭೂಮಿಯಲ್ಲಿ ನಮ್ಮ 8 ಗುಂಟೆ ತೋಟ

ನಮ್ಮ ತೋಟದಲ್ಲಿ ಮೊದಲು ಸತ್ತದ್ದು ಲಿಂಬೆ ಗಿಡಗಳು. ಬಿಸಿಲಿಗೆ ಒಣಗಿದ್ದರೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ. ಕಲಬುರಗಿ ಬಿಸಿಲು ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಆದರೆ ಅವು ಸತ್ತದ್ದು ಆಗಸ್ಟ್ ತಿಂಗಳಲ್ಲಿ, ನೀರು ಜಾಸ್ತಿಯಾಗಿ.

ಆಳಂದ ರಸ್ತೆಯ ಕಡೆ ಮಾವನವರ ಹೊಲ ಇದೆ. ಪೂರಾ ಎರೆಭೂಮಿ, ಅಂದರೆ ಕಪ್ಪು ಮಣ್ಣು. ತೊಗರಿ, ಜೋಳ, ಕಡಲೆ ಬೆಳೆಯುತ್ತಾರೆ. ಬಾವಿ ಪಕ್ಕದ 8 ಗುಂಟೆಯನ್ನು 2017ರಲ್ಲಿ ಮನೆಯವರೆಲ್ಲ ಸೇರಿ ತೋಟಕ್ಕೆ ಅಂತ ಬಿಟ್ಟುಕೊಂಡೆವು. ಅತ್ತೆ, ಮಾವ ಅಲ್ಲೇ ಇರುತ್ತಾರೆ. ನಾನು, ಯಜಮಾನರು, ಮಕ್ಕಳು ಭಾನುವಾರ ಹೋಗುತ್ತೇವೆ.

ಸಸಿ ಕೊಟ್ಟವರು 3 ಅಡಿ ಗುಂಡಿ ತೋಡಿ, ಕೆಂಪು ಮಣ್ಣು, ಗೊಬ್ಬರ ತುಂಬಿ ನೆಡಿ ಅಂದಿದ್ದರು. ಹಾಗೇ ಮಾಡಿದೆವು. ಆದರೆ ಎರೆಮಣ್ಣು ಜಿಗುಟು. ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಅದರ ನಡುವೆ ಸಡಿಲ ಮಣ್ಣಿನ ಗುಂಡಿ ಮಾಡಿದರೆ ಅದು ನೀರಿನ ತೊಟ್ಟಿಯ ಹಾಗೆ ಆಗುತ್ತದೆ. ಸುತ್ತಲಿನ ಮಳೆ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ. ಬೇರಿಗೆ ಉಸಿರೇ ಸಿಗುವುದಿಲ್ಲ. ಎಲೆ ಹಳದಿಯಾಯಿತು, ಬೊಡ್ಡೆಯಲ್ಲಿ ಅಂಟು ಒಸರಿತು. ನೀರು ಸಾಲುತ್ತಿಲ್ಲವೇನೋ ಅಂದುಕೊಂಡು ನಾನು ಮತ್ತೆ ನೀರು ಹಾಕಿದೆ. ಕಿತ್ತು ನೋಡಿದಾಗ ಬೇರು ಕಪ್ಪಾಗಿ ಕೊಳೆತಿತ್ತು. 6 ಗಿಡದಲ್ಲಿ 4 ಹೋದವು.

ಆಗ ಮಾವ ಒಂದು ಮಾತು ಹೇಳಿದರು: "ಎರಿಯೊಳಗ ಗಿಡ ನೆಲದಾಗ ಹಚ್ಚಬಾರ್ದವ್ವ, ನೆಲದ ಮ್ಯಾಲ ಹಚ್ಚಬೇಕು." ನಮ್ಮ ತೋಟ ಪೂರ್ತಿ ಬದಲಾದದ್ದು ಈ ಮಾತಿನಿಂದ. ಈಗ ಹಣ್ಣಿನ ಗಿಡಕ್ಕೆ ಗುಂಡಿ ತೋಡುವುದಿಲ್ಲ, ದಿಬ್ಬ ಏರಿಸುತ್ತೇವೆ. ಒಂದೂವರೆ ಅಡಿ ಎತ್ತರ, 4 ಅಡಿ ಅಗಲ. ಎರೆಮಣ್ಣಿಗೇ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸಿ ಮಾಡಿದ್ದು. ಕಾಯಿಪಲ್ಯಕ್ಕೂ ಏರು ಮಡಿ. ಎರಡು ಮಡಿ ನಡುವೆ ಒಂದು ಅಡಿ ಆಳದ ಕಾಲುವೆ. ಎಲ್ಲ ಕಾಲುವೆಯ ನೀರೂ ಇಳಿಜಾರಿನ ಕಡೆ ಹೋಗಿ ಹೊಲ ಸೇರುತ್ತದೆ.

ಈ ಕೆಲಸ ರೋಹಿಣಿ ಮಳೆ ಹೊತ್ತಿಗೆ, ಮಿರಗ (ಮೃಗಶಿರಾ ಮಳೆ) ಕೂಡುವುದರೊಳಗೆ ಮುಗಿಯಬೇಕು. ಎರೆಮಣ್ಣು ಒಣಗಿದ್ದರೆ ಕಲ್ಲು, ನೆನೆದರೆ ಕಾಲಿಗೆ ಸೇರುಗಟ್ಟಲೆ ಮೆತ್ತುತ್ತದೆ. ನಡುವೆ ಹದ ಇರುವುದು ಮೂರ್ನಾಲ್ಕು ದಿನ ಮಾತ್ರ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಪುಡಿಪುಡಿಯಾಗಿ ಒಡೆದರೆ ಸಲಿಕೆ ಎತ್ತಬಹುದು. ಮೇಣದ ಹಾಗೆ ಚಪ್ಪಟೆಯಾದರೆ ಸುಮ್ನೆ ಮನೆಗೆ ಬರಬೇಕು. ಹಸಿ ಮಣ್ಣು ತುಳಿದು ಅಗೆದರೆ ಮುಂದೆ ಹೆಂಟೆ ಹೆಂಟೆಯಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಓಡಾಡುವ ದಾರಿಗೆ ಶಹಾಬಾದ್ ಪರಸಿ ಕಲ್ಲು ಹಾಸಿದ್ದೇವೆ. ಮಕ್ಕಳಿಗೂ ಮಡಿ ಮೇಲೆ ಕಾಲಿಡಬಾರದು ಅಂತ ರೂಢಿಯಾಗಿದೆ.

ಮಳೆಗಾಲದಲ್ಲಿ ನಾನು ಜಾಸ್ತಿ ಆಸೆ ಇಟ್ಟುಕೊಳ್ಳುವುದಿಲ್ಲ. ಪುಂಡಿ, ರಾಜಗಿರಿ, ಹೀರೆ, ದಸರಾಕ್ಕೆ ಚೆಂಡು ಹೂ, ಇಷ್ಟೇ. ಬದನೆ ಸಸಿಯನ್ನು ಜುಲೈನಲ್ಲಿ ಮಾಡಿಕೊಂಡು ಆಗಸ್ಟ್‌ನಲ್ಲಿ ನಾಟುತ್ತೇವೆ. ಉಳಿದ ಸಮಯವೆಲ್ಲ ಕಾಲುವೆ ಕಟ್ಟಿಕೊಳ್ಳದಂತೆ ನೋಡುವುದೇ ಕೆಲಸ. 2020ರ ಅಕ್ಟೋಬರ್ ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಭೀಮಾ ಉಕ್ಕಿ ಊರುಗಳಿಗೆ ನೀರು ನುಗ್ಗಿತ್ತು. ನಮ್ಮ ಹೊಲ ಹೊಳೆಯಿಂದ ದೂರ. ಆದರೂ ತೊಗರಿಯಲ್ಲಿ ದಿನಗಟ್ಟಲೆ ನೀರು ನಿಂತು ಅರ್ಧ ಬೆಳೆ ಸೊರಗಿತು. ತೋಟದ ಮಡಿಗಳು ಮಾತ್ರ ನೀರಿನ ಮೇಲೆ ತಲೆ ಎತ್ತಿಕೊಂಡಿದ್ದವು. ಮಾವ ಕೊಡೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ನಮ್ಮ ನಿಜವಾದ ತೋಟದ ಕಾಲ ಚಳಿಗಾಲ. ಮಳೆ ಹಿಂದಾದ ಮೇಲೂ ಎರೆಯೊಳಗೆ ಹಸಿ ಉಳಿದಿರುತ್ತದೆ. ಮೆಂತ್ಯೆಯನ್ನು ಒಂದೇ ಸಲ ಹಾಕುವುದಿಲ್ಲ, 15 ದಿನಕ್ಕೊಂದು ಮಡಿ. ಉಳ್ಳಾಗಡ್ಡಿ, ಮೂಲಂಗಿ, ಗಜ್ಜರಿ, ಅವರೆ. ಇದೆಲ್ಲ ಎಳ್ಳಮಾವಾಸ್ಯೆಗೆ ಕೈಗೆ ಬರುವ ಹಾಗೆ ಅತ್ತೆ ದಿನ ಲೆಕ್ಕ ಹಾಕಿ ಬಿತ್ತುತ್ತಾರೆ. ಅವತ್ತಿನ ಬಜ್ಜಿ ಪಲ್ಯಕ್ಕೆ ಬೇಕಾದದ್ದರಲ್ಲಿ ಬಹಳಷ್ಟು ತೋಟದಲ್ಲೇ ಸಿಗುತ್ತದೆ. ಹಸಿ ತೊಗರಿ, ಕಡಲೆ ಸುಲಗಾಯಿ ಹೊಲದ್ದು. ಬದನೆ, ಅವರೆಕಾಳು, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು ತೋಟದ್ದು. ಹುಣಸೆ ಹುಳಿ, ಕಡಲೆ ಹಿಟ್ಟು ಹಾಕಿ ಕುದಿಸಿದ ಬಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ. ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಹೊಲಕ್ಕೆಲ್ಲ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಬರುತ್ತಾರೆ. ಮೊದಮೊದಲು ಹೊಲಕ್ಕಷ್ಟೇ ಚೆಲ್ಲುತ್ತಿದ್ದರು. ಲಿಂಬೆ ಸತ್ತ ವರ್ಷ ನಾನು ಕೇಳಿದ್ದಕ್ಕೆ ತೋಟದ ಸುತ್ತಲೂ ಚರಗ ಬಂತು. ಈಗ ಅದು ನಮ್ಮ ಮನೆಯ ಪದ್ಧತಿ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಮುಗಿಯಿತು ಅಂದರೆ ಬಿಸಿಲು ಏರಿತು ಅಂತಲೇ. ಏಪ್ರಿಲ್ ಹೊತ್ತಿಗೆ ಎರೆ ಬಾಯಿ ಬಿಡುತ್ತದೆ. ಬಿರುಕಿನೊಳಗೆ ಕೈ ಹೋಗುತ್ತದೆ. ಸಣ್ಣ ಬೇರು ಪಟಪಟ ಹರಿಯುತ್ತವೆ, ಒಳಗಿನ ಹಸಿಯೂ ಆರಿಹೋಗುತ್ತದೆ. ಬಿರಿದ ಮೇಲೆ ಕೊಡಗಟ್ಟಲೆ ನೀರು ಹಾಕಿ ಏನೂ ಉಪಯೋಗ ಇಲ್ಲ. ಬೇರಿಗೆ ಸಿಗುವ ಮೊದಲೇ ಬಿರುಕಿನಲ್ಲಿ ಇಳಿದುಹೋಗುತ್ತದೆ. ಬಿರಿಯದ ಹಾಗೆ ತಡೆಯಬೇಕು. ಫೆಬ್ರವರಿಯಲ್ಲೇ ಮೇಲಿನ ಎರಡು ಇಂಚು ಮಣ್ಣನ್ನು ಕುರ್ಚಿಗೆಯಿಂದ (ಕಳೆ ತೆಗೆಯುವ ಕೈ ಸಲಕರಣೆ) ಪುಡಿ ಮಾಡಿ, ಮೇಲೆ ಉದುರಿದ ಬೇವಿನ ಎಲೆ, ತೊಗರಿ ಹೊಟ್ಟು ದಪ್ಪಗೆ ಹೊದಿಸುತ್ತೇವೆ. ಹೊಟ್ಟು ದನಕ್ಕೆ ಬೇಕು ಅಂತ ಮಾವನಿಗೂ ನನಗೂ ಪ್ರತಿ ವರ್ಷ ಮಾತು ನಡೆಯುತ್ತದೆ. ಈಗ ಎರಡು ಚೀಲ ನನ್ನ ಪಾಲು. ಡ್ರಿಪ್‌ನಲ್ಲಿ ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ನೀರು. ಪರಸಿ ಕಲ್ಲು ಮಾತ್ರ ಬೊಡ್ಡೆಯಿಂದ ದೂರ ಇರಬೇಕು, ಮಧ್ಯಾಹ್ನ ಅದು ತವೆಯ ಹಾಗೆ ಕಾಯುತ್ತದೆ. ಮೇ ತಿಂಗಳಲ್ಲಿ ಹೊಸದೇನೂ ಬೆಳೆಯುವುದಿಲ್ಲ. ನುಗ್ಗೆ, ಕರಿಬೇವು, ಪೇರಲ, ಸೀತಾಫಲ ಜೀವ ಹಿಡಿದುಕೊಂಡರೆ ಸಾಕು.

ಸತ್ತ ಜಾಗದಲ್ಲೇ ದಿಬ್ಬ ಮಾಡಿ ಮತ್ತೆ 4 ಲಿಂಬೆ ಹಚ್ಚಿದೆವು. ನಾಲ್ಕನೇ ವರ್ಷ ಎರಡರಲ್ಲಿ ಕಾಯಿ ಬಂತು, ಎಣಿಸಿದರೆ 14. ಅತ್ತೆ ಒಂದನ್ನೂ ಪೇಟೆಗೆ ಕಳಿಸಲಿಲ್ಲ. ಎಲ್ಲ ಕೊಯ್ದು, ಉಪ್ಪು ಹಚ್ಚಿ, ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ, ಅದೇ ಪರಸಿ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟರು.